ಕಸರತ್ತಿಗೆ ನೀರು ಸಾಕಾ, ಸ್ಪೋರ್ಟ್ಸ್ ಡ್ರಿಂಕ್ ಬೇಕಾ?

ಹೊಸ_ಓಟ
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಇತ್ಯರ್ಥ ಆಗ್ಬೇಕು. ಸ್ಪೋರ್ಟ್ಸ್ ಡ್ರಿಂಕ್ ಕುಡಿದ್ರೆ ನೀರಿಗಿಂತ ಹೆಚ್ಚು ಶಕ್ತಿ ಬರುತ್ತಾ? ಒಬ್ಬರು "ಅದು ಬರೀ ಸಕ್ಕರೆ ನೀರು, ದುಡ್ಡು ದಂಡ" ಅಂತಾರೆ. ಇನ್ನೊಬ್ಬರು "ಬೆವರಲ್ಲಿ ಉಪ್ಪು ಹೋಗುತ್ತೆ, ಬರೀ ನೀರು ಕುಡಿದ್ರೆ ಸುಸ್ತಾಗುತ್ತೆ" ಅಂತಾರೆ. ಮೂರು ಸಂದರ್ಭ ಇಟ್ಕೊಂಡು ಹೇಳಿ: ಜಿಮ್‌ನಲ್ಲಿ 45 ನಿಮಿಷ ತೂಕ ಎತ್ತೋದು, ಒಂದೂಕಾಲು ಗಂಟೆ ಓಟ, ಮೂರು ಗಂಟೆ ಸೈಕಲ್. ಬಾಟಲಿ ಮೇಲೆ ಬರೆದಿರೋದನ್ನ ಬಿಟ್ಟು, ಮೈಯೊಳಗೆ ಏನಾಗುತ್ತೆ ಅಂತ ಗೊತ್ತಿರೋರು ಬರೀರಿ.

ಒಂದೇ_ಸಾಲು
45 ನಿಮಿಷಕ್ಕೆ ನೀರು. ಮೂರು ಗಂಟೆಗೆ ಸಕ್ಕರೆ ಬೇಕು. ನಡುವಿನದ್ದಕ್ಕೇ ಜಗಳ.

ಬೆವರ_ಲೆಕ್ಕ
ಮೊದಲು "ಶಕ್ತಿ" ಅನ್ನೋ ಪದ ಬಿಡಿಸ್ಕೊಳ್ಳೋಣ. ಪಾನೀಯದಿಂದ ಮೈಗೆ ಮೂರು ಬೇರೆ ಬೇರೆ ಕೆಲಸ ಆಗ್ಬೇಕು: ನೀರು ತುಂಬೋದು, ಉಪ್ಪು ತುಂಬೋದು, ಇಂಧನ ಕೊಡೋದು. ಇಂಧನ ಅಂದ್ರೆ ಕ್ಯಾಲೊರಿ. ನೀರಲ್ಲಿ ಸೊನ್ನೆ, ಉಪ್ಪಲ್ಲೂ ಸೊನ್ನೆ. ಕ್ಯಾಲೊರಿ ಇರೋದು ಸಕ್ಕರೆಯಲ್ಲಿ ಮಾತ್ರ.

ಸಾಮಾನ್ಯ ಸ್ಪೋರ್ಟ್ಸ್ ಡ್ರಿಂಕ್‌ನಲ್ಲಿ 100 ಮಿ.ಲೀ.ಗೆ ಸುಮಾರು 6 ಗ್ರಾಂ ಸಕ್ಕರೆ, ಲೀಟರಿಗೆ ಸುಮಾರು 460 ಮಿ.ಗ್ರಾಂ ಸೋಡಿಯಂ, ಒಂಚೂರು ಪೊಟ್ಯಾಸಿಯಂ ಇರುತ್ತೆ. ಅರ್ಧ ಲೀಟರ್ ಬಾಟಲಿ ಖಾಲಿ ಮಾಡಿದ್ರೆ 30 ಗ್ರಾಂ ಸಕ್ಕರೆ, ಅಂದ್ರೆ 120 ಕ್ಯಾಲೊರಿ. ಓಟಕ್ಕೆ ಕಿಲೋಮೀಟರಿಗೆ ಹೆಚ್ಚುಕಮ್ಮಿ ಮೈತೂಕದಷ್ಟೇ ಕ್ಯಾಲೊರಿ ಬೇಕು. 70 ಕಿಲೋ ತೂಕದವರಿಗೆ 70. ಹಾಗಾಗಿ ಒಂದು ಬಾಟಲಿ ಎರಡು ಕಿಲೋಮೀಟರಿಗೂ ಸಾಲಲ್ಲ.

ಕಬ್ಬಿಣದ_ಬಾರು
ಹಾಗಾದ್ರೆ ಅದರಿಂದ ಏನೂ ಪ್ರಯೋಜನ ಇಲ್ಲ ಅಂತಾನೇ ಆಯ್ತಲ್ಲ? ಎರಡು ಕಿಲೋಮೀಟರ್ ಇಂಧನಕ್ಕೆ ಯಾಕೆ ಕುಡೀಬೇಕು?

ಕರುಳಿನ_ಮಾತು
ಹಾಗಲ್ಲ ಸರ್. ಮೈಯಲ್ಲಿ ಕೊಬ್ಬಿನ ದಾಸ್ತಾನು ಎಷ್ಟೋ ದಿನಕ್ಕಾಗುವಷ್ಟಿದೆ, ಆದ್ರೆ ಅದು ನಿಧಾನದ ಇಂಧನ. ವೇಗ ಹೆಚ್ಚಿದಷ್ಟೂ ಮೈ ಗ್ಲೈಕೋಜನ್ ಕೇಳುತ್ತೆ, ಅಂದ್ರೆ ಮೈ ಕೂಡಿಟ್ಟ ಸಕ್ಕರೆ. ಸ್ನಾಯುಗಳಲ್ಲಿ 300ರಿಂದ 500 ಗ್ರಾಂ, ಲಿವರ್‌ನಲ್ಲಿ 80ರಿಂದ 100 ಗ್ರಾಂ, ಅಷ್ಟೇ ದಾಸ್ತಾನು. ಚೆನ್ನಾಗಿ ಊಟ ಮಾಡಿದವರು ಜೋರಾಗಿ ಕಸರತ್ತು ಮಾಡಿದ್ರೆ ಸುಮಾರು ಒಂದೂವರೆಯಿಂದ ಎರಡು ಗಂಟೆಗೆ ಅದು ತಳ ಕಾಣುತ್ತೆ. ಅಲ್ಲಿಂದ ಮುಂದೆ ಕಾಲು ಭಾರ, ತಲೆ ಮಂಕು, ವೇಗ ಕುಸಿತ.

ಬಾಟಲಿಯ ಸಕ್ಕರೆ ಇಡೀ ಓಟ ಹೊರಲ್ಲ, ನಿಜ. ಅದು ಲಿವರ್ ಮೇಲಿನ ಭಾರ ಇಳಿಸುತ್ತೆ, ರಕ್ತದ ಸಕ್ಕರೆ ಕುಸಿಯದ ಹಾಗೆ ನೋಡ್ಕೊಳ್ಳುತ್ತೆ. ಎರಡನೇ ಗಂಟೆ ದಾಟಿದ ಮೇಲೆ ಸ್ನಾಯುಗಳು ಇದನ್ನೇ ಹೆಚ್ಚು ಹೆಚ್ಚು ಉರಿಸ್ತವೆ. 45 ನಿಮಿಷದಲ್ಲಿ ದಾಸ್ತಾನು ಅರ್ಧವೂ ಇಳಿದಿರಲ್ಲ, ಆಗ ಹೊರಗಿಂದ ಕೊಟ್ಟದ್ದಕ್ಕೆ ಕೆಲಸವೇ ಇಲ್ಲ.

ಹೊಸ_ಓಟ
ಅಂದ್ರೆ ಜಿಮ್‌ಗೆ ಬೇಡ ಅಂತ ತಾನೇ?

ಕಬ್ಬಿಣದ_ಬಾರು
ತೂಕ ಎತ್ತೋದು ಬಹುಪಾಲು ಗ್ಲೈಕೋಜನ್ ಕೆಲಸ ಅನ್ನೋದನ್ನ ಮರೀಬೇಡಿ. ಹತ್ತಾರು ಸೆಟ್ ಹೊಡೆದ್ರೆ ಕೆಲಸ ಮಾಡಿದ ಸ್ನಾಯುವಿನಲ್ಲಿ ಕಾಲು ಭಾಗದಿಂದ 40% ತನಕ ಇಳಿಯುತ್ತೆ.

ಕರುಳಿನ_ಮಾತು
ಇಳಿಯುತ್ತೆ, ಒಪ್ಪಿದೆ. ಆದ್ರೆ 60% ಉಳಿದಿರುತ್ತಲ್ಲ. ಕೊನೆಯ ಸೆಟ್ ಸೋತದ್ದಕ್ಕೆ ಇಂಧನ ಮುಗಿದದ್ದು ಕಾರಣ ಅಲ್ಲ, ಆ ಸ್ನಾಯು ದಣಿದದ್ದು ಕಾರಣ. ಎರಡು ಮೂರು ಗಂಟೆ ಹಿಂದೆ ಊಟ ಆಗಿದ್ರೆ 45 ನಿಮಿಷಕ್ಕೆ ನೀರು ಧಾರಾಳ ಸಾಕು. ರಾತ್ರಿಯಿಂದ ಉಪವಾಸ ಇದ್ದು, ಕಾಲಿನ ದೊಡ್ಡ ಕಸರತ್ತು ಒಂದೂವರೆ ಗಂಟೆ ಮಾಡ್ತೀವಿ ಅನ್ನೋರದ್ದು ಬೇರೆ ಮಾತು.

ಪೆಡಲ್_ಪ್ರಿಯ
ನಡುವಿನ ಒಂದೂಕಾಲು ಗಂಟೆ ಬಗ್ಗೆ ಒಂದು ಸ್ವಾರಸ್ಯ ಇದೆ. ಅಲ್ಲಿ ಕುಡಿಯೋದೂ ಬೇಡ, ಬಾಯಿ ಮುಕ್ಕಳಿಸಿದ್ರೆ ಸಾಕು. 2004ರಲ್ಲಿ ಬಂದ ಪ್ರಯೋಗದಲ್ಲಿ ಸೈಕಲ್ ಸವಾರರು ಸುಮಾರು ಒಂದು ಗಂಟೆಯ ಪೂರ್ತಿ ಜೋರಿನ ಓಟದಲ್ಲಿ ಮಾಲ್ಟೊಡೆಕ್ಸ್ಟ್ರಿನ್ (ಪಿಷ್ಟದಿಂದ ಮಾಡೋ ಕಾರ್ಬೊಹೈಡ್ರೇಟ್ ಪುಡಿ) ಕಲಸಿದ ನೀರನ್ನ ಬಾಯಲ್ಲಿ ಆಡಿಸಿ ಉಗಿದ್ರು. ಒಂದು ಹನಿ ನುಂಗದೆ ಸುಮಾರು 3% ಬೇಗ ಮುಗಿಸಿದ್ರು. ನಾಲಗೆ, ಬಾಯಿಯ ಒಳಗಡೆ ಸಕ್ಕರೆ ಗುರುತಿಸೋ ಗ್ರಾಹಕಗಳಿವೆ, ಅವು ಮೆದುಳಿಗೆ ಸುದ್ದಿ ಮುಟ್ಟಿಸ್ತವೆ. ಮೆದುಳು ಬಿಗಿಹಿಡಿದ ಲಗಾಮು ಸ್ವಲ್ಪ ಸಡಿಲ ಮಾಡುತ್ತೆ.

ವಿಧಾನ: 6% ದ್ರಾವಣ, ಒಂದು ಸಲಕ್ಕೆ 25 ಮಿ.ಲೀ., 5ರಿಂದ 10 ಸೆಕೆಂಡ್ ಇಡೀ ಬಾಯಿ ತುಂಬ ಆಡಿಸೋದು, ಏಳೆಂಟು ನಿಮಿಷಕ್ಕೊಮ್ಮೆ. ಹೊಟ್ಟೆ ಕುಲುಕಿದ್ರೆ ವಾಕರಿಕೆ ಬರೋ ಓಟಗಾರರಿಗೆ ತುಂಬಾ ಉಪಯೋಗ.

ಒಂದೇ_ಸಾಲು
ಶುಗರ್‌ಫ್ರೀ ಸಿಹಿಯಿಂದಲೂ ಮೆದುಳಿಗೆ ಸುದ್ದಿ ಹೋಗುತ್ತಾ?

ಪೆಡಲ್_ಪ್ರಿಯ
ಹೋಗಲ್ಲ. 2009ರಲ್ಲಿ ಸ್ಯಾಕರಿನ್ ಅನ್ನೋ ಕೃತಕ ಸಿಹಿ ಹಾಕಿದ ನೀರಿನ ಜೊತೆ ಹೋಲಿಸಿ ನೋಡಿದ್ರು. ಸ್ಯಾಕರಿನ್ ಸಿಹಿ ಇದ್ರೂ ಲಾಭ ಕೊಡ್ಲಿಲ್ಲ. ಮಾಲ್ಟೊಡೆಕ್ಸ್ಟ್ರಿನ್‌ಗೆ ಸಿಹಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಅದು ಕೊಟ್ತು. ಬಾಯಿ ಸಿಹಿಯನ್ನ ಮಾತ್ರ ನೋಡಲ್ಲ, ಕಾರ್ಬೊಹೈಡ್ರೇಟನ್ನೇ ಗುರುತಿಸುತ್ತೆ ಅನ್ನೋದಕ್ಕೆ ಇದೇ ಆಧಾರ.

ಕರುಳಿನ_ಮಾತು
ಒಂದು ತಿದ್ದುಪಡಿ. ಹೊಟ್ಟೆ ಖಾಲಿ ಇದ್ದಾಗ ಆ ಲಾಭ ಎದ್ದು ಕಾಣುತ್ತೆ, ಊಟ ಆದ ಮೇಲೆ ಕಮ್ಮಿ. ಮಾಮೂಲಿ ಅಭ್ಯಾಸದ ಓಟಕ್ಕೆ ಈ ಮುಕ್ಕಳಿಸೋ ಕೆಲಸ ಬೇಕಿಲ್ಲ. ಸಮಯದ ಜೊತೆ ಪೈಪೋಟಿ ಇದ್ದ ದಿನಕ್ಕೆ ಇರಲಿ.

ಉತ್ತರದ_ಗಾಳಿ
ನೋಡ್ರಿ, ಎಲ್ಲಾರೂ ಸಕ್ಕರಿ ಸಕ್ಕರಿ ಅಂತೀರಿ, ಉಪ್ಪಿನ ಮಾತು ಎಲ್ಲಿ ಹೋತು? ಸೋಡಿಯಂ ಇಲ್ಲಂದ್ರ ಆ ಸಕ್ಕರಿನೂ ಒಳಗ ಹೋಗಂಗಿಲ್ಲ. ಸಣ್ಣ ಕರುಳಿನ ಗೋಡಿ ಮ್ಯಾಲೆ ಒಂದು ಬಾಗಲಾ ಅದ, ಅದರಾಗ ಒಂದು ಗ್ಲೂಕೋಸ್ ದಾಟಬೇಕಂದ್ರ ಎರಡು ಸೋಡಿಯಂ ಜೋಡಿ ಬರಬೇಕು. ಅವುಗಳ ಬೆನ್ನು ಹತ್ತಿ ನೀರು ಹೋಗ್ತದ. ಅದಕ್ಕ ಸಕ್ಕರಿ, ಉಪ್ಪು, ನೀರು ಮೂರೂ ಕೂಡಿದ್ರ ಬರೇ ನೀರಿಗಿಂತ ಲಗೂ ರಕ್ತಕ್ಕ ಸೇರ್ತದ.

ಕರುಳಿನ_ಮಾತು
ಬಾಗಿಲಿನ ಮಾತು ಸರಿ ಸರ್, ಎಸ್‌ಜಿಎಲ್‌ಟಿ1 ಅಂತ ಹೆಸರು. ಆದ್ರೆ ಕುಡಿಯೋ ನೀರಲ್ಲಿ ಸೋಡಿಯಂ ಇಲ್ಲದಿದ್ರೂ ಕರುಳು ತನ್ನ ರಸದಿಂದಲೇ ಸೋಡಿಯಂ ಸುರಿದುಕೊಳ್ಳುತ್ತೆ, ಬಾಗಿಲು ಮುಚ್ಚಿ ಹೋಗಲ್ಲ. ಇನ್ನು ಬೇಗ ಸೇರೋ ವಿಷಯ: ಎಷ್ಟು ಸಕ್ಕರೆ ಅನ್ನೋದರ ಮೇಲಿದೆ. ಕಮ್ಮಿ ಸಕ್ಕರೆ ಇದ್ರೆ ನೀರಿನಷ್ಟೇ ಅಥವಾ ಸ್ವಲ್ಪ ಬೇಗ. 8% ದಾಟಿದ್ರೆ ಹೊಟ್ಟೆಯಿಂದ ಕೆಳಗಿಳಿಯೋದೇ ತಡ. ರಕ್ತಕ್ಕಿಂತ ಗಾಢವಾದ ದ್ರಾವಣ ಕರುಳಿಗೆ ಬಂದ್ರೆ ಮೊದಲು ರಕ್ತದಿಂದಲೇ ನೀರನ್ನ ಕರುಳಿನೊಳಗೆ ಎಳೆಯುತ್ತೆ. ಹಣ್ಣಿನ ರಸ 10ರಿಂದ 12%, ಅದರಲ್ಲೂ ಫ್ರಕ್ಟೋಸ್ (ಹಣ್ಣಿನ ಸಕ್ಕರೆ) ಜಾಸ್ತಿ. ಓಟದ ನಡುವೆ ಕುಡಿದ್ರೆ ಹೊಟ್ಟೆ ಗುಡುಗುಡು ಅನ್ನೋದು ಇದಕ್ಕೇ.

ಉತ್ತರದ_ಗಾಳಿ
ಒಪ್ಪಿದೆ. ಪುಡಿ ಕಲಸೂ ಮುಂದ ಇದಾ ತಪ್ಪು ಆಗ್ತದ. "ಒಂದು ಚಮಚಾ ಜಾಸ್ತಿ ಇರ್ಲಿ, ಜೋರ್ ಬರ್ತದ" ಅಂತ ಹಾಕ್ತಾರ, ಹೊಟ್ಟಿ ಹಿಡ್ಕೊಂಡು ಕೂಡ್ತಾರ.

ಹೊಸ_ಓಟ
ಹಾಗಾದ್ರೆ ಮನೇಲೇ ಮಾಡ್ಕೊಂಡ್ರೆ? ಅಳತೆ ಹೇಳ್ತೀರಾ?

ಮನೆ_ಮಿಶ್ರಣ
ಒಂದು ಲೀಟರ್ ನೀರು, 60 ಗ್ರಾಂ ಸಕ್ಕರೆ, ಒಂದು ಟೀ ಚಮಚ ಉಪ್ಪು. ರುಚಿಗೆ ನಿಂಬೆ. ಮುಗೀತು.

ಬೆವರ_ಲೆಕ್ಕ
ದಯವಿಟ್ಟು ಒಂದು ಚಮಚ ಹಾಕ್ಬೇಡಿ! ಒಂದು ಮಟ್ಟಸ ಟೀ ಚಮಚ ಉಪ್ಪು ಅಂದ್ರೆ ಸುಮಾರು 6 ಗ್ರಾಂ. ಉಪ್ಪಿನಲ್ಲಿ 39% ಸೋಡಿಯಂ, ಅಂದ್ರೆ ಲೀಟರಿಗೆ 2300 ಮಿ.ಗ್ರಾಂ ಮೇಲೆ. ವಾಂತಿಭೇದಿಗೆ ಕೊಡೋ ಒಆರ್‌ಎಸ್‌ನಲ್ಲೂ ಅಷ್ಟಿಲ್ಲ. ಗುಟುಕು ಇಳಿಯಲ್ಲ, ಇಳಿದ್ರೆ ವಾಂತಿ. 460 ಮಿ.ಗ್ರಾಂ ಸೋಡಿಯಂ ಬೇಕಂದ್ರೆ ಉಪ್ಪು 1.2 ಗ್ರಾಂ, ಟೀ ಚಮಚದ ಐದನೇ ಒಂದು ಭಾಗ. ಬೆವರು ತುಂಬಾ ಉಪ್ಪುಪ್ಪಾಗಿರೋರು ಕಾಲು ಚಮಚದ ತನಕ, ಅಂದ್ರೆ 1.5 ಗ್ರಾಂ ಹಾಕ್ಕೊಳ್ಬಹುದು.

60 ಗ್ರಾಂ ಸಕ್ಕರೆ ಅಂದ್ರೆ ಮಟ್ಟಸ ಟೀ ಚಮಚದಲ್ಲಿ 15. ಚಮಚ ಎಣಿಸೋದಕ್ಕಿಂತ ತೂಗೋದು ಒಳ್ಳೇದು.

ಮನೆ_ಮಿಶ್ರಣ
ತಪ್ಪಾಯ್ತು, ಐದನೇ ಒಂದು ಭಾಗ ಅಂತ ತಿದ್ದಿಕೊಳ್ಳಿ. ತಿದ್ದಿದ್ದಕ್ಕೆ ಧನ್ಯವಾದ.

ಪೆಡಲ್_ಪ್ರಿಯ
ಸಕ್ಕರೆಯೇ ಹಾಕಿ, ಗ್ಲೂಕೋಸ್ ಪುಡಿ ಬೇಡ. ಗಾಢತೆ ನಿರ್ಧಾರ ಆಗೋದು ಗ್ರಾಂನಿಂದ ಅಲ್ಲ, ಕಣಗಳ ಸಂಖ್ಯೆಯಿಂದ. 60 ಗ್ರಾಂ ಗ್ಲೂಕೋಸ್ ಹಾಕಿದ್ರೆ ಲೀಟರಿಗೆ 333 ಮಿಲಿಮೋಲ್ (ಕಣ ಎಣಿಸೋ ಅಳತೆ), ಅದಕ್ಕೆ ಉಪ್ಪಿನದ್ದು 41 ಸೇರಿ 374. ರಕ್ತ ಇರೋದು 285–295. ಅಂದ್ರೆ ರಕ್ತಕ್ಕಿಂತ ಗಾಢ. ಅದೇ 60 ಗ್ರಾಂ ಸಕ್ಕರೆ ಹಾಕಿದ್ರೆ 175, ಉಪ್ಪು ಸೇರಿ 216. ಸಕ್ಕರೆ ಅಣು ದೊಡ್ಡದು, ಹೊಟ್ಟೆ ದಾಟೋ ತನಕ ಒಂದೇ ಆಗಿರುತ್ತೆ, ಕರುಳಿನ ಗೋಡೆ ಮುಟ್ಟಿದಾಗ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತೆ.

ಒಂದೇ_ಸಾಲು
ಒಆರ್‌ಎಸ್ ಪೊಟ್ಟಣ ಹಾಕ್ಕೊಂಡ್ರೆ ಆಗಲ್ವಾ?

ಬೆವರ_ಲೆಕ್ಕ
ಒಆರ್‌ಎಸ್ ಬೇರೆ ಕೆಲಸದ ಮದ್ದು. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ, ಸೋಡಿಯಂ 75 ಮಿಲಿಮೋಲ್. ನೀರು, ಉಪ್ಪು ಮರಳಿ ತುಂಬೋದಕ್ಕೆ ಅದನ್ನ ಮೀರಿಸಿದ್ದಿಲ್ಲ. ಇಂಧನ ಮಾತ್ರ ಲೀಟರಿಗೆ 54 ಕ್ಯಾಲೊರಿ. ವ್ಯಾಯಾಮದ ಶಕ್ತಿಗೆ ಅಂತ ಕುಡಿದ್ರೆ ನಿರಾಸೆ. ವಿಪರೀತ ಬೆವರು ಹರಿಸಿದ ಮೇಲೆ, ಮುಂದಿನ ಕಸರತ್ತು ಹತ್ತಿರ ಇದ್ದಾಗ ಕುಡಿಯೋದಕ್ಕೆ ಅಡ್ಡಿ ಇಲ್ಲ.

ಸಕ್ಕರೆ ಇಲ್ಲದ ಎಲೆಕ್ಟ್ರೊಲೈಟ್ (ಲವಣ) ಮಾತ್ರೆಗಳದ್ದೂ ಇದೇ ಕಥೆ. ನೀರಲ್ಲಿ ಬುರುಗು ಬರುತ್ತೆ, ರುಚಿ ಬರುತ್ತೆ, ಉಪ್ಪು ಬರುತ್ತೆ. ಕ್ಯಾಲೊರಿ ಬರಲ್ಲ.

ಕಬ್ಬಿಣದ_ಬಾರು
ಎನರ್ಜಿ ಡ್ರಿಂಕ್? ಹೆಸರಲ್ಲೇ ಎನರ್ಜಿ ಇದೆ, ಜಿಮ್‌ನಲ್ಲಿ ಎಲ್ಲರ ಕೈಯಲ್ಲೂ ಅದೇ ಡಬ್ಬಿ.

ಕರುಳಿನ_ಮಾತು
ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ದಯವಿಟ್ಟು ಎರಡನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ. 250 ಮಿ.ಲೀ. ಡಬ್ಬಿಯಲ್ಲಿ ಸುಮಾರು 80 ಮಿ.ಗ್ರಾಂ ಕೆಫೀನ್, ಸಕ್ಕರೆ 11% ಆಸುಪಾಸು, ಜೊತೆಗೆ ಗ್ಯಾಸ್. ಕಸರತ್ತಿನ ನಡುವೆ ಕುಡಿಯೋ ಪಾನೀಯಕ್ಕೆ ಇರಬಾರದ ಗುಣ ಎರಡೂ ಅಲ್ಲಿವೆ: ತೀರಾ ಗಾಢ, ಹೊಟ್ಟೆ ಉಬ್ಬರ. ಕೆಫೀನ್‌ನಿಂದ ಲಾಭ ಇದೆ, ಅದು ಸಾಬೀತಾದ ವಿಷಯ. ಮೈತೂಕದ ಕಿಲೋಗೆ 3 ಮಿ.ಗ್ರಾಂ, ಸುಮಾರು ಒಂದು ಗಂಟೆ ಮೊದಲು. 70 ಕಿಲೋಗೆ 210 ಮಿ.ಗ್ರಾಂ. ಆದ್ರೆ ಕೆಫೀನ್ ದಣಿವಿನ ಅರಿವನ್ನ ತಗ್ಗಿಸುತ್ತೆ ಅಷ್ಟೇ, ಇಂಧನ ತುಂಬಲ್ಲ. ಎದೆಬಡಿತದ ತೊಂದರೆ ಇರೋರು ಅದರ ತಂಟೆಗೇ ಹೋಗಬಾರದು.

ಅಂಗಳದ_ಕೋಚ್
ಮಕ್ಕಳ ಬಗ್ಗೆ ಯಾರೂ ಮಾತಾಡ್ಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಹೇಳಿದೆ: ಮಾಮೂಲಿ ಆಟಕ್ಕೆ ಮಕ್ಕಳಿಗೆ ನೀರೇ ಸಾಕು, ಎನರ್ಜಿ ಡ್ರಿಂಕ್ ಅಂತೂ ಕೊಡಲೇಬಾರದು. ಒಂದು ಗಂಟೆ ಆಟದಲ್ಲಿ ಅರ್ಧ ಹೊತ್ತು ನಿಂತೇ ಇರೋ ಮಗುವಿನ ಕೈಗೆ 30 ಗ್ರಾಂ ಸಕ್ಕರೆ ಬಾಟಲಿ ಕೊಡೋದು ಸರಿಯಲ್ಲ. ಬಿಸಿಲಲ್ಲಿ ಇಡೀ ದಿನ ಪಂದ್ಯದ ಮೇಲೆ ಪಂದ್ಯ ಇದ್ರೆ ಮಾತ್ರ ಯೋಚನೆ ಮಾಡಿ. ಅಲ್ಲೂ ಪಂದ್ಯಗಳ ನಡುವೆ ಬಾಳೆಹಣ್ಣು, ನೀರು ಕೊಟ್ರೆ ಅದೇ ಕೆಲಸ ಆಗುತ್ತೆ.

ಹಲ್ಲಿನ_ಕಾಳಜಿ
ಮಕ್ಕಳ ಮಾತು ಬಂತು, ಹಾಗಾಗಿ ಹಲ್ಲಿನ ಮಾತೂ ಬರಲಿ. ಈ ಪಾನೀಯಗಳಲ್ಲಿ ಸಿಟ್ರಿಕ್ ಆಮ್ಲ ಇರುತ್ತೆ, ಪಿಹೆಚ್ (ಹುಳಿ ಅಳೆಯೋ ಸಂಖ್ಯೆ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 3ರಿಂದ 4. ಹಲ್ಲಿನ ಮೇಲ್ಪದರ ಕರಗೋಕೆ ಶುರುವಾಗೋದು ಸುಮಾರು 5.5ರ ಕೆಳಗೆ. ಕಸರತ್ತಿನ ಹೊತ್ತಲ್ಲಿ ಬಾಯಿ ಒಣಗಿರುತ್ತೆ, ಆಮ್ಲ ತೊಳೆಯೋಕೆ ಜೊಲ್ಲು ಇರಲ್ಲ. ಮೂರು ಗಂಟೆ ಕಾಲ ಹತ್ತು ನಿಮಿಷಕ್ಕೊಂದು ಗುಟುಕು ಅಂದ್ರೆ ಹಲ್ಲಿಗೆ ಮೂರು ಗಂಟೆಯೂ ಆಮ್ಲದ ಸ್ನಾನ. ಪ್ರತಿ ಸಲ ಕುಡಿದ ಮೇಲೆ ಒಂದು ಗುಟುಕು ನೀರು ಬಾಯಲ್ಲಿ ಆಡಿಸಿ ನುಂಗಿ. ಮನೆಗೆ ಬಂದ ಕೂಡಲೇ ಹಲ್ಲುಜ್ಜಬೇಡಿ, ಮೆತ್ತಗಾದ ಪದರ ಸವೆಯುತ್ತೆ. ಅರ್ಧದಿಂದ ಒಂದು ಗಂಟೆ ಬಿಡಿ. ಮನೆ ಮಿಶ್ರಣಕ್ಕೆ ನಿಂಬೆ ಹಿಂಡೋರಿಗೂ ಇದೇ ಮಾತು.

ಮಾರ್ಗದ_ಕಲ್ಲು
ಎಲ್ಲರೂ ಯಾವುದು ಕುಡೀಬೇಕು ಅಂತ ಹೇಳಿದ್ರಿ, ಎಷ್ಟು ಕುಡೀಬೇಕು ಅಂತ ಹೇಳ್ಲಿಲ್ಲ. ಜೀವಕ್ಕೆ ಅಪಾಯ ಇರೋದು ಅಲ್ಲೇ. "ಬಾಯಾರಿಕೆ ಆಗೋ ಮೊದಲೇ, ಸಿಕ್ಕಿದ ಕಡೆಯಲ್ಲೆಲ್ಲ ಕುಡೀರಿ" ಅನ್ನೋ ಸಲಹೆ ಇನ್ನೂ ಓಡಾಡ್ತಾ ಇದೆ. ಅದನ್ನ ನಿಲ್ಲಿಸಬೇಕು.

2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷೆ ಮಾಡಿದಾಗ 13% ಜನರ ರಕ್ತದಲ್ಲಿ ಸೋಡಿಯಂ ಲೀಟರಿಗೆ 135 ಮಿಲಿಮೋಲ್ ಅಥವಾ ಅದಕ್ಕಿಂತ ಕಮ್ಮಿ ಇತ್ತು. ಮೂವರದ್ದು 120ಕ್ಕೂ ಇಳಿದಿತ್ತು, ಅದು ಸಾಯೋ ಮಟ್ಟ. ಎದ್ದು ಕಂಡ ಕಾರಣ, ಓಟದಲ್ಲಿ ಅವರ ತೂಕ ಹೆಚ್ಚಿತ್ತು! ಬೆವರಿದ್ದಕ್ಕಿಂತ ಹೆಚ್ಚು ಕುಡಿದಿದ್ರು. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಓಡಿದವರಲ್ಲಿ ಇದು ಹೆಚ್ಚು, ಯಾಕಂದ್ರೆ ನಿಧಾನಕ್ಕೆ ಹೋಗೋರಿಗೆ ಬೆವರು ಕಮ್ಮಿ, ಕುಡಿಯೋಕೆ ಸಮಯ ಜಾಸ್ತಿ.

ಉತ್ತರದ_ಗಾಳಿ
ಅದಕ್ಕಾ ಹೇಳೋದ್ರಿ, ಬರೇ ನೀರು ಕುಡೀಬ್ಯಾಡ್ರಿ, ಸ್ಪೋರ್ಟ್ಸ್ ಡ್ರಿಂಕ್ ಕುಡೀರಿ, ಅದರಾಗ ಉಪ್ಪು ಇರ್ತದ.

ಮಾರ್ಗದ_ಕಲ್ಲು
ಇಲ್ಲ ಸರ್, ಇದೇ ಅಪಾಯದ ನಂಬಿಕೆ. ಬಾಸ್ಟನ್ ಲೆಕ್ಕದಲ್ಲಿ ಯಾವ ಪಾನೀಯ ಕುಡಿದ್ರು ಅನ್ನೋದಕ್ಕೂ ಸೋಡಿಯಂ ಇಳಿದದ್ದಕ್ಕೂ ಸಂಬಂಧ ಕಾಣಲಿಲ್ಲ. ಲೆಕ್ಕ ಸುಲಭ: ರಕ್ತದಲ್ಲಿ ಲೀಟರಿಗೆ 140 ಮಿಲಿಮೋಲ್ ಸೋಡಿಯಂ, ಪಾನೀಯದಲ್ಲಿ 20. ರಕ್ತದ ಪಾಲಿಗೆ ಅದೂ ತೆಳ್ಳಗಿನ ನೀರೇ. ಮಿತಿ ಮೀರಿ ಸುರಿದ್ರೆ ಅದೂ ರಕ್ತವನ್ನ ತೆಳು ಮಾಡುತ್ತೆ.

ಲಕ್ಷಣ: ಬೆರಳ ಉಂಗುರ, ಗಡಿಯಾರದ ಪಟ್ಟಿ ಬಿಗಿಯಾಗೋದು, ಹೊಟ್ಟೆ ತುಂಬಿ ಕುಲುಕೋದು, ತಲೆನೋವು, ವಾಂತಿ, ಆಮೇಲೆ ಗೊಂದಲದ ಮಾತು. ನೋಡೋರಿಗೆ "ನೀರು ಕಮ್ಮಿ ಆಗಿದೆ" ಅನ್ನಿಸಿ ಇನ್ನೂ ನೀರು ಕುಡಿಸ್ತಾರೆ. ಹಾಗೆ ಮಾಡ್ಲೇಬೇಡಿ. ಗೊಂದಲ ಶುರುವಾಗಿದ್ರೆ ತಡ ಮಾಡದೆ ವೈದ್ಯರ ಹತ್ತಿರ ಕರ್ಕೊಂಡು ಹೋಗಿ, ಅಲ್ಲಿ 3% ಸಲೈನ್ ಬೇಕಾಗುತ್ತೆ.

ಉತ್ತರದ_ಗಾಳಿ
ಇದು ಗೊತ್ತಿರಬೇಕಾದ ಮಾತು. ನನ್ನ ಮಾತು ಹಿಂದ ತಗೋತೀನ್ರಿ.

ಹೊಸ_ಓಟ
ಹಾಗಾದ್ರೆ ಎಷ್ಟು ಅಂತ ಗೊತ್ತು ಮಾಡ್ಕೊಳ್ಳೋದು ಹೇಗೆ?

ಬೆವರ_ಲೆಕ್ಕ
ತೂಕದ ಯಂತ್ರ ಒಂದಿದ್ರೆ ಸಾಕು. ಹೊರಡೋ ಮೊದಲು ಮೂತ್ರಕ್ಕೆ ಹೋಗಿ ಬಂದು, ಆದಷ್ಟು ಕಮ್ಮಿ ಬಟ್ಟೆಯಲ್ಲಿ ತೂಕ ನೋಡಿ. ಬಾಟಲಿಯನ್ನೂ ತೂಗಿ. ಬಂದ ಮೇಲೆ ಬೆವರು ಒರೆಸ್ಕೊಂಡು, ಒದ್ದೆ ಬಟ್ಟೆ ತೆಗೆದು ಮತ್ತೆ ತೂಕ. ಒದ್ದೆ ಅಂಗಿ ಹಾಕ್ಕೊಂಡೇ ತೂಗೋದು ಎಲ್ಲರೂ ಮಾಡೋ ತಪ್ಪು, ಅಂಗಿಯಲ್ಲೇ ಕಾಲು ಲೀಟರ್ ಕೂತಿರಬಹುದು.

ಉದಾಹರಣೆಗೆ, ಮೊದಲು 68.0, ಆಮೇಲೆ 66.9, ನಡುವೆ 500 ಮಿ.ಲೀ. ಕುಡಿದದ್ದು, ಸಮಯ ಒಂದೂವರೆ ಗಂಟೆ. ಇಳಿದ 1.1 ಮತ್ತು ಕುಡಿದ 0.5 ಸೇರಿ 1.6 ಲೀಟರ್ ಬೆವರು. ಗಂಟೆಗೆ ಸುಮಾರು 1.07. ತೂಕದಲ್ಲಿ ಇಳಿದದ್ದು 1.6%. 2% ಮೀರದ ಹಾಗೆ ನೋಡ್ಕೊಳ್ಳಿ ಅನ್ನೋದು ಸಾಮಾನ್ಯ ಸಲಹೆ, ಆ ಲೆಕ್ಕದಲ್ಲಿ ಈ ದಿನ ಕುಡಿದದ್ದು ಸರಿಯಾಗಿದೆ. ಪೂರ್ತಿ 1.6 ಲೀಟರ್ ಕುಡೀಬೇಕಂತಿಲ್ಲ.

ಒಂದು ಸಲ ತೂಗಿ ಸುಮ್ಮನಾಗ್ಬೇಡಿ. ತಂಪು ದಿನಕ್ಕೂ ಸೆಕೆ ದಿನಕ್ಕೂ ಬೆವರು ಇಮ್ಮಡಿ ವ್ಯತ್ಯಾಸ ಆಗುತ್ತೆ.

ಕರುಳಿನ_ಮಾತು
ಸಣ್ಣ ಟಿಪ್ಪಣಿ: ಇಳಿದ ತೂಕ ಎಲ್ಲವೂ ಬೆವರಲ್ಲ. ಉರಿದ ಇಂಧನದ ಇಂಗಾಲ ಉಸಿರಲ್ಲಿ ಹೋಗುತ್ತೆ, ಉಸಿರಿನ ತೇವವೂ ಹೋಗುತ್ತೆ. ಒಂದೂವರೆ ಗಂಟೆಗೆ ಅದು ಸಣ್ಣ ಮೊತ್ತ, ದಿನವಿಡೀ ನಡೆಯೋ ಓಟಗಳಲ್ಲಿ ಲೆಕ್ಕಕ್ಕೆ ಬರುತ್ತೆ. ಅದಕ್ಕೇ ಸ್ವಲ್ಪ ತೂಕ ಇಳಿದೇ ಮುಗಿಸೋದು ಸರಿ.

ಒಂದೇ_ಸಾಲು
ಮೂತ್ರದ ಬಣ್ಣ ನೋಡಿದ್ರೆ ಆಗಲ್ವಾ?

ಮಾರ್ಗದ_ಕಲ್ಲು
ಬೆಳಿಗ್ಗೆ ಎದ್ದಾಗ ನೋಡೋಕೆ ಸರಿ. ಕಸರತ್ತು ಆದ ತಕ್ಷಣ ನಂಬಬೇಡಿ, ಆಗ ಮೂತ್ರಪಿಂಡ ನೀರನ್ನ ಹಿಡಿದಿಟ್ಟಿರುತ್ತೆ, ಮೈಯಲ್ಲಿ ನೀರು ಹೆಚ್ಚಾಗಿದ್ರೂ ಮೂತ್ರ ಗಾಢ ಕಾಣಬಹುದು. ಬಿ2 ಇರೋ ವಿಟಮಿನ್ ಮಾತ್ರೆ ತಗೊಂಡಿದ್ರೂ ಹಳದಿ ಬರುತ್ತೆ.

ಮನೆ_ಮಿಶ್ರಣ
ಕಾಲಿನ ಸ್ನಾಯು ಸೆಳೆತಕ್ಕೆ ಉಪ್ಪು ಕಮ್ಮಿ ಆದದ್ದೇ ಕಾರಣ ಅಂತಾರಲ್ಲ, ಅದಕ್ಕಾದ್ರೂ ಸ್ಪೋರ್ಟ್ಸ್ ಡ್ರಿಂಕ್ ಬೇಕಲ್ವಾ?

ಕರುಳಿನ_ಮಾತು
ಬಹುಪಾಲು ಸೆಳೆತಕ್ಕೆ ದಣಿದ ಸ್ನಾಯು ಕಾರಣ. ಉಪ್ಪು ಇಡೀ ಮೈಯಲ್ಲಿ ಕಮ್ಮಿ ಆಗುತ್ತೆ, ಸೆಳೆತ ಮಾತ್ರ ಹೆಚ್ಚು ದುಡಿದ ಮೀನಖಂಡಕ್ಕೇ ಬರುತ್ತೆ. ಹಿಗ್ಗಿಸಿ ಹಿಡಿದ್ರೆ ನಿಮಿಷದೊಳಗೆ ಬಿಡುತ್ತೆ. ಉಪ್ಪಿನ ಕೊರತೆಯೇ ಆಗಿದ್ರೆ ಹಿಗ್ಗಿಸಿದ್ದಕ್ಕೆ ಯಾಕೆ ಬಿಡಬೇಕು? 2010ರ ಪ್ರಯೋಗದಲ್ಲಿ ಸೌತೆಕಾಯಿ ಉಪ್ಪಿನಕಾಯಿಯ ಹುಳಿ ನೀರು ಕುಡಿಸಿದಾಗ ಬರೀ ನೀರಿಗಿಂತ ಬೇಗ ಸೆಳೆತ ಬಿಡ್ತು, ಅದು ರಕ್ತ ಸೇರೋ ಮೊದಲೇ. ಅಂದ್ರೆ ಗಂಟಲಿನ ನರದ ಪ್ರತಿಕ್ರಿಯೆ ಇರಬೇಕು. ವಿಪರೀತ ಸೆಕೆಯಲ್ಲಿ ಗಂಟೆಗಟ್ಟಲೆ ಬೆವರಿ ಮೈಯೆಲ್ಲಾ ಹಿಡ್ಕೊಂಡ್ರೆ ಅದು ಬೇರೆ, ಅಲ್ಲಿ ಉಪ್ಪಿಗೆ ಪಾತ್ರ ಇದೆ.

ಪೆಡಲ್_ಪ್ರಿಯ
ಮೂರು ಗಂಟೆ ಸೈಕಲ್ ಮಾತಿಗೆ ಬರ್ತೀನಿ, ಅಲ್ಲೇ ಸ್ಪೋರ್ಟ್ಸ್ ಡ್ರಿಂಕ್ ನೀರನ್ನ ಸಲೀಸಾಗಿ ಹಿಂದಿಕ್ಕೋದು. ಒಂದರಿಂದ ಎರಡು ಗಂಟೆಯ ಕಸರತ್ತಿಗೆ ಗಂಟೆಗೆ 30 ಗ್ರಾಂ ಕಾರ್ಬೊಹೈಡ್ರೇಟ್, ಎರಡರಿಂದ ಮೂರು ಗಂಟೆಗೆ 60, ಅದಕ್ಕೂ ಮೇಲೆ 90 ತನಕ. 60 ದಾಟಬೇಕಂದ್ರೆ ಬರೀ ಗ್ಲೂಕೋಸ್, ಬರೀ ಮಾಲ್ಟೊಡೆಕ್ಸ್ಟ್ರಿನ್ ಆಗಲ್ಲ. ಮೇಲೆ ಹೇಳಿದ ಕರುಳಿನ ಬಾಗಿಲು ನಿಮಿಷಕ್ಕೆ ಸುಮಾರು 1 ಗ್ರಾಂಗೆ ತುಂಬಿಹೋಗುತ್ತೆ. ಫ್ರಕ್ಟೋಸ್‌ಗೆ ಗ್ಲುಟ್5 ಅಂತ ಬೇರೆ ಬಾಗಿಲಿದೆ, ಅದನ್ನೂ ತೆರೆದ್ರೆ ಒಟ್ಟು ಹೆಚ್ಚು ಸಾಗುತ್ತೆ. 60 ಗ್ರಾಂ ಸಕ್ಕರೆಗೆ 30 ಗ್ರಾಂ ಮಾಲ್ಟೊಡೆಕ್ಸ್ಟ್ರಿನ್ ಸೇರಿಸಿ. ಸಕ್ಕರೆ ಅರ್ಧರ್ಧ ಒಡೆಯೋದರಿಂದ ಒಟ್ಟು ಗ್ಲೂಕೋಸ್ 60, ಫ್ರಕ್ಟೋಸ್ 30. ಎರಡಕ್ಕೆ ಒಂದರ ಪಾಲು ಕೂತ್ಕೊಳ್ಳುತ್ತೆ.

ಆದ್ರೆ ಒಂದೇ ಬಾಟಲಿಯಿಂದ ನೀರು, ಇಂಧನ ಎರಡೂ ತಗೊಳ್ಳೋದರಲ್ಲಿ ಒಂದು ತೊಡಕಿದೆ. ತಂಪು ದಿನ ಗಂಟೆಗೆ 300 ಮಿ.ಲೀ. ಕುಡಿದ್ರೆ 6% ಪಾನೀಯದಿಂದ ಬರೋದು 18 ಗ್ರಾಂ, ಸಾಲಲ್ಲ. ಸೆಕೆ ದಿನ 1.2 ಲೀಟರ್ ಕುಡಿದ್ರೆ 72 ಗ್ರಾಂ, ಅಭ್ಯಾಸ ಇಲ್ಲದ ಹೊಟ್ಟೆ ಕೆಡುತ್ತೆ. ಅದಕ್ಕೇ ಒಂದು ಬಾಟಲಿ ಬರೀ ನೀರು, ಇನ್ನೊಂದು ಗಾಢ ಮಿಶ್ರಣ ಇಟ್ಕೊಂಡ್ರೆ ಹವೆ ನೋಡಿ ಹೊಂದಿಸ್ಕೊಳ್ಬಹುದು. ಗಾಢದ್ದು ಒಂದು ಗುಟುಕು, ಬೆನ್ನಿಗೇ ನೀರು ಎರಡು ಗುಟುಕು.

ಅಂಗಳದ_ಕೋಚ್
ಬಾಳೆಹಣ್ಣು, ನೀರು ಸಾಲಲ್ವಾ?

ಪೆಡಲ್_ಪ್ರಿಯ
ಸಾಲುತ್ತೆ ಮೇಡಂ. 2012ರ ಪ್ರಯೋಗದಲ್ಲಿ 75 ಕಿ.ಮೀ. ಸೈಕಲ್ ಓಟಕ್ಕೆ ಬಾಳೆಹಣ್ಣು ತಿಂದು ನೀರು ಕುಡಿದವರು ಸ್ಪೋರ್ಟ್ಸ್ ಡ್ರಿಂಕ್ ಕುಡಿದಾಗಿನಷ್ಟೇ ವೇಗದಲ್ಲಿ ಮುಗಿಸಿದ್ರು. ಹೊಟ್ಟೆ ಉಬ್ಬರ ಮಾತ್ರ ಸ್ವಲ್ಪ ಜಾಸ್ತಿ. ಮಧ್ಯಮ ಗಾತ್ರದ ಹಣ್ಣಲ್ಲಿ ಸುಮಾರು 27 ಗ್ರಾಂ. ಸೈಕಲ್ ಮೇಲೆ ಅಗಿಯೋದು ಸುಲಭ, ಜೋರಾಗಿ ಓಡ್ತಾ ಅಗಿಯೋದು ಕಷ್ಟ. ವ್ಯತ್ಯಾಸ ಅಷ್ಟೇ. ಜೆಲ್ (ಪೊಟ್ಟಣದಲ್ಲಿ ಬರೋ ಸಕ್ಕರೆ ಪಾಕ) ತಗೊಂಡ್ರೂ ಹಾಗೇ, 25 ಗ್ರಾಂ ಕಾರ್ಬೊಹೈಡ್ರೇಟ್ ಇರೋ ಜೆಲ್‌ಗೆ ಸುಮಾರು 400 ಮಿ.ಲೀ. ನೀರು ಸೇರಿದ್ರೆ ಹೊಟ್ಟೆಯಲ್ಲಿ ಅದು 6% ಪಾನೀಯವೇ. ನೀರಿಲ್ಲದೆ ನುಂಗಿದ್ರೆ ಗಂಟಲಲ್ಲೇ ಅಂಟುತ್ತೆ, ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತ್ಕೊಳ್ಳುತ್ತೆ.

ಕಬ್ಬಿಣದ_ಬಾರು
ತೂಕ ಇಳಿಸೋಕೆ ಓಡೋರಿಗೆ?

ಬೆವರ_ಲೆಕ್ಕ
ನೀರು. ಅರ್ಧ ಗಂಟೆ ಬಿರುಸು ನಡಿಗೆಯಲ್ಲಿ ಉರಿದದ್ದನ್ನ ಒಂದೇ ಬಾಟಲಿ ಮರಳಿ ತುಂಬಿಬಿಡುತ್ತೆ. ಇನ್ಸುಲಿನ್ ತಗೊಳ್ಳೋರು ಮಾತ್ರ ಸಕ್ಕರೆ ಇಳಿದಾಗ ಬೇಕಾಗುತ್ತೆ ಅಂತ ಹತ್ತಿರ ಇಟ್ಕೊಂಡಿರಲಿ, 15 ಗ್ರಾಂಗೆ ಕಾಲು ಲೀಟರ್ ಆಗುತ್ತೆ. ರಕ್ತದೊತ್ತಡಕ್ಕೆ ಉಪ್ಪು ಕಮ್ಮಿ ಮಾಡಿ ಅಂತ ವೈದ್ಯರು ಹೇಳಿದ್ರೆ ಈ ಉಪ್ಪನ್ನೂ ಅವರ ಹತ್ತಿರ ಕೇಳಿಯೇ ಹಾಕ್ಕೊಳ್ಳಿ.

ಒಂದೇ_ಸಾಲು
ಇದನ್ನ ಮೊದಲು ಕಂಡುಹಿಡಿದೋರು ಯಾರು?

ಮಾರ್ಗದ_ಕಲ್ಲು
ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಕೇಡ್ ಅನ್ನೋ ವೈದ್ಯರ ತಂಡ, 1965ರಲ್ಲಿ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಆಟಗಾರರಿಗೆ ಅಂತ ಮಾಡಿದ್ದು, ಗೇಟರೇಡ್ ಅಂತ ಹೆಸರಾಯ್ತು. ಸೆಕೆಯಲ್ಲಿ ಭಾರದ ಉಡುಪು ಹಾಕಿ ಗಂಟೆಗಟ್ಟಲೆ ಆಡೋರಿಗೆ ಮಾಡಿದ ಮದ್ದನ್ನ ಈಗ ಮೇಜಿನ ಮುಂದೆ ಕೂತು ಕುಡೀತಾರೆ.

ಹೊಸ_ಓಟ
ತುಂಬಾ ತುಂಬಾ ಧನ್ಯವಾದ. ಮೂರು ಗಂಟೆ ಸೈಕಲ್‌ಗೆ ಗಂಟೆಗೆ 60 ಗ್ರಾಂನಂತೆ 180 ಗ್ರಾಂ ಸಕ್ಕರೆ, 3.6 ಗ್ರಾಂ ಉಪ್ಪು, 3 ಲೀಟರ್ ನೀರು ಅಂತ ಲೆಕ್ಕ ಹಾಕಿದೀನಿ. ಸರಿಯಾ?

ಕರುಳಿನ_ಮಾತು
ಲೆಕ್ಕ ಸರಿ, ಮೊದಲ ವಾರಕ್ಕೆ ಅಲ್ಲ. ಕರುಳಿಗೂ ಅಭ್ಯಾಸ ಬೇಕು. ಗಂಟೆಗೆ 30 ಗ್ರಾಂನಿಂದ ಶುರು ಮಾಡಿ, ವಾರಕ್ಕೆ ಒಂದೆರಡು ಸಲ ಉದ್ದದ ಸವಾರಿಯಲ್ಲಿ 10 ಗ್ರಾಂ ಏರಿಸ್ತಾ ಹೋಗಿ. ಪಂದ್ಯದ ದಿನ ಹೊಸದನ್ನ ಬಾಯಿಗೆ ಹಾಕ್ಬೇಡಿ. 3 ಲೀಟರ್ ನೀರು ಬೇಕಾ ಅನ್ನೋದನ್ನ ತೂಕ ನೋಡಿ ತೀರ್ಮಾನಿಸಿ, ಗಂಟೆಗೆ ಅರ್ಧ ಲೀಟರ್ ಬೆವರೋರಿಗೆ ಅದು ವಿಪರೀತ. ಅಂಥವರಿಗೆ ಗಂಟೆಗೆ ಅರ್ಧ ಲೀಟರ್ ಪಾನೀಯ, ಜೊತೆಗೊಂದು ಬಾಳೆಹಣ್ಣು.

ಹೊಸ_ಓಟ
ಅಡುಗೆಮನೆ ತಕ್ಕಡಿ 1 ಗ್ರಾಂಗಿಂತ ಸಣ್ಣದು ತೋರಿಸಲ್ಲ. 1.2 ಗ್ರಾಂ ಉಪ್ಪು ತೂಗೋದು ಹೇಗೆ?

ಮನೆ_ಮಿಶ್ರಣ
ಹತ್ತು ಲೀಟರಿಗಾಗುವಷ್ಟು ಒಟ್ಟಿಗೆ ಕಲಸಿಡಿ. 600 ಗ್ರಾಂ ಸಕ್ಕರೆ, 12 ಗ್ರಾಂ ಉಪ್ಪು, ಡಬ್ಬಿಯಲ್ಲಿ ಕುಲುಕಿ. ಲೀಟರಿಗೆ 61 ಗ್ರಾಂ ತಗೊಳ್ಳಿ.

ಬೆವರ_ಲೆಕ್ಕ
ಸಕ್ಕರೆ ಹರಳು ದಪ್ಪ, ಉಪ್ಪಿನ ಪುಡಿ ಸಣ್ಣ. ಡಬ್ಬಿ ಕುಲುಕಿದಷ್ಟೂ ಉಪ್ಪು ತಳ ಸೇರುತ್ತೆ, ಕೊನೆ ಲೀಟರ್ ಬರೀ ಉಪ್ಪು ಉಪ್ಪು. ಉಪ್ಪನ್ನ ನೀರಲ್ಲೇ ಕರಗಿಸಿಡಿ: 12 ಗ್ರಾಂ ಉಪ್ಪನ್ನ ಅಳತೆ ಲೋಟಕ್ಕೆ ಹಾಕಿ ಒಟ್ಟು 100 ಮಿ.ಲೀ. ಆಗೋ ತನಕ ನೀರು ಹುಯ್ಯಿರಿ. ಅದರಲ್ಲಿ 10 ಮಿ.ಲೀ. ತಗೊಂಡ್ರೆ ಸರಿಯಾಗಿ 1.2 ಗ್ರಾಂ. ಮದ್ದಿನ ಸಿರಿಂಜ್‌ನಲ್ಲಿ ಎಳೆದುಕೊಳ್ಳೋದು ಸುಲಭ. ಸಕ್ಕರೆ ಹಾಕಿದ ಬಾಟಲಿಯನ್ನ ಮಾತ್ರ ರಾತ್ರಿ ಹಾಗೇ ಬಿಡ್ಬೇಡಿ. ಮುಚ್ಚಳದ ರಬ್ಬರ್ ಉಂಗುರ ಬಿಚ್ಚಿ ನೋಡಿ, ಬೂಸ್ಟು ಮೊದಲು ಹಿಡಿಯೋದು ಅದರ ಕೆಳಗೇ.